ಒಂಬತ್ತನೆಯ ಸ್ಥಾನದ ಮನೆ

ಹೋದ ತಿಂಗಳು ಒಂದು ಮಧ್ಯಾಹ್ನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತ ಕೂತಿದ್ದೆ. ಪಕ್ಕದ ಮೇಜಿನ ಶಿಬು ಮಲಪ್ಪುರದವನು. ಅವನಿಗೆ ಅನ್ನಕ್ಕಿಂತ ಫುಟ್‌ಬಾಲ್ ಹೆಚ್ಚು. ಊಟದ ಬಿಡುವಿನಲ್ಲಿ ಅವನ ಫೋನಿನಿಂದ ಯಾವುದೋ ಹಳೆಯ ರೇಡಿಯೋ ಧ್ವನಿಮುದ್ರಣ ಕೇಳಿಸಿತು. ಒಬ್ಬ ಗಂಡಸು, ಅವಸರವಿಲ್ಲದ ಇಂಗ್ಲಿಷಿನಲ್ಲಿ, ತಂಡಗಳ ಹೆಸರನ್ನೂ ಗೋಲುಗಳನ್ನೂ ಓದುತ್ತಿದ್ದ. ಒಂದು ಹೆಸರು, ಒಂದು ಅಂಕೆ. ಇನ್ನೊಂದು ಹೆಸರು, ಇನ್ನೊಂದು ಅಂಕೆ. ಎರಡನೆಯ ತಂಡದ ಹೆಸರು ಅವನ ಬಾಯಿಂದ ಹೊರಟ ಕೂಡಲೇ ನಾನು "ಡ್ರಾ" ಎಂದೆ. ಆಮೇಲೆ ಅಂಕೆ ಬಂತು. ಡ್ರಾ. ಶಿಬು ಕಣ್ಣರಳಿಸಿ, "ಚೇಚಿ, ಹೇಗೆ ಗೊತ್ತಾಯ್ತು?" ಎಂದ. ಓದುವವನ ದನಿಯಲ್ಲೇ ಗುಟ್ಟಿದೆ. ಎರಡನೆಯ ತಂಡ ಗೆದ್ದಿದ್ದರೆ ಅದರ ಹೆಸರಿನ ಹೊತ್ತಿಗೆ ದನಿ ಮೇಲೇರುತ್ತದೆ, ಸೋತಿದ್ದರೆ ಕೆಳಗಿಳಿಯುತ್ತದೆ, ಸಮವಾಗಿದ್ದರೆ ಇದ್ದಲ್ಲೇ ಇರುತ್ತದೆ. ಈ ವಿದ್ಯೆಯನ್ನು ನಾನು ಚಿಕ್ಕಂದಿನಲ್ಲಿ ಕಲಿತದ್ದು ಆಟದ ಮೇಲಿನ ಆಸೆಯಿಂದಲ್ಲ, ಭಯದಿಂದ. ಶಿಬುವಿಗೆ ಅದನ್ನೆಲ್ಲ ಹೇಳಲಿಲ್ಲ. ಎದ್ದುಹೋಗಿ ಕೈ ತೊಳೆದುಕೊಂಡೆ, ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದೆ. 

ನಾನು ಬೆಳೆದದ್ದು ಇದೇ ಕುವೈತ್‌ನಲ್ಲಿ, ಮೈದಾನ್ ಹವಲ್ಲಿಯ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಒಂದು ಹಾಲು, ಒಂದು ಮಲಗುವ ಕೋಣೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಗೋಡೆಕಪಾಟಿನ ಒಂದು ಖಾನೆಯೇ ದೇವರಮನೆ. ಪೂಜೆ ಮುಗಿದ ಮೇಲೆ ಅಮ್ಮ ಅದರ ಬಾಗಿಲು ಮುಚ್ಚಿಬಿಡುತ್ತಿದ್ದಳು. ಕೆಳಗಿನ ಬೇಕರಿಯಿಂದ ಬೆಳಗಿನ ಜಾವಕ್ಕೇ ಖುಬುಸ್ ರೊಟ್ಟಿ ಸುಡುವ ವಾಸನೆ ಮೇಲೇರಿ ಬರುತ್ತಿತ್ತು, ಅದರ ಜೊತೆಗೆ ಅಪ್ಪ ಹಚ್ಚಿಕೊಳ್ಳುತ್ತಿದ್ದ ತೆಂಗಿನೆಣ್ಣೆಯ ವಾಸನೆ. ಅಪ್ಪ ಅರಸೀಕೆರೆ ಕಡೆಯವರು, ಹೆಸರು ರಂಗಸ್ವಾಮಿ. ಅಹ್ಮದಿಯ ಎಣ್ಣೆ ಘಟಕಗಳ ದುರಸ್ತಿ ನೋಡಿಕೊಳ್ಳುವ ಒಂದು ಕಂಟ್ರಾಕ್ಟರ್ ಕಂಪನಿಯಲ್ಲಿ ಪ್ಲಾನರ್. ಯಾವ ವಾಲ್ವನ್ನು ಯಾವ ದಿನ ಬಿಚ್ಚಬೇಕು, ಯಾರನ್ನು ಕಳಿಸಬೇಕು ಎಂದು ಪಟ್ಟಿ ಮಾಡುವ ಕೆಲಸ. ಕತ್ತಲಿರುವಾಗಲೇ ಕಂಪನಿ ಬಸ್ಸು ಹತ್ತುತ್ತಿದ್ದರು. ಅವರ ಮೇಲಧಿಕಾರಿ ಗಾರ್ವಿ ಎಂಬ ಸ್ಕಾಟ್ಲೆಂಡಿನ ಮನುಷ್ಯ, ಆರಡಿ ಎತ್ತರ, ಬಿಸಿಲಿಗೆ ಸುಟ್ಟು ಸೀಗಡಿಯ ಬಣ್ಣಕ್ಕೆ ತಿರುಗಿದ ಕುತ್ತಿಗೆ. ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಅವರ ಹೆಸರು ಬರುತ್ತಿತ್ತು.

ಭಯ ಹುಟ್ಟಿದ್ದು ನನಗೆ ಏಳು ವರ್ಷವಾಗಿದ್ದಾಗ. ನಮ್ಮ ಕೆಳಗಿನ ಮನೆಯಲ್ಲಿ ಥಾಮಸ್ ಅಂಕಲ್ ಇದ್ದರು, ಅಪ್ಪನ ಆಫೀಸಿನಲ್ಲೇ ಸ್ಟೋರ್‌ಕೀಪರ್. ಅವರ ಅವಳಿ ಹೆಣ್ಣುಮಕ್ಕಳು ನನ್ನ ಜೊತೆ ಮೆಟ್ಟಿಲ ಮೇಲೆ ಕೂತು ಆಡುವವರು. ಒಂದು ಶನಿವಾರ ಗಾರ್ವಿಯವರ ಊರಿನ ಫುಟ್‌ಬಾಲ್ ತಂಡ ಐದು ಗೋಲಿನಿಂದ ಸೋತಿತಂತೆ. ಭಾನುವಾರ ನಮ್ಮ ವಾರದ ಮೊದಲ ಕೆಲಸದ ದಿನ. ಅವತ್ತು ಗಾರ್ವಿ ಯಾರ ಜೊತೆಯೂ ಮಾತಾಡಲಿಲ್ಲ, ಮಧ್ಯಾಹ್ನ ಥಾಮಸ್ ಅಂಕಲ್‌ರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದ ಥಾಮಸ್ ಅಂಕಲ್ ಕೈಯಲ್ಲಿ ಒಂದು ಕಾಗದವಿತ್ತು. ತಿಂಗಳೊಳಗೆ ಆ ಮನೆ ಖಾಲಿ. ಫ್ರಿಜ್ಜನ್ನು ಇಬ್ಬರು ಕೂಲಿಗಳು ಬೆನ್ನ ಮೇಲೆ ಹೊತ್ತು ಇಳಿಸುವುದನ್ನು ನಾನು ಮೆಟ್ಟಿಲಿನ ಕಂಬಿಗಳ ನಡುವಿನಿಂದ ನೋಡಿದೆ. ಏನಾಯಿತು ಎಂದು ಅಪ್ಪ ಅವರನ್ನು ಕೇಳಲಿಲ್ಲ. ಇಲ್ಲಿ ನಮ್ಮವರಲ್ಲಿ ಒಂದು ಪದ್ಧತಿಯಿದೆ: ಕೆಲಸ ಹೋದವನನ್ನು ಯಾಕೆ ಎಂದು ಕೇಳಬಾರದು. ಕೇಳಿದರೆ ಅವನಿಗೆ ಅವಮಾನ, ಕೇಳಿದವನಿಗೆ ಅಂಟುಜಾಡ್ಯ. ಹೋಗುವವರನ್ನು ಏರ್‌ಪೋರ್ಟಿಗೆ ಬಿಟ್ಟು ಬರುತ್ತಾರೆ, ಮಕ್ಕಳ ಕೈಗೆ ಚಾಕಲೇಟ್ ಡಬ್ಬಿ ಕೊಡುತ್ತಾರೆ, ಆ ಮಾತನ್ನು ಮಾತ್ರ ಎತ್ತುವುದಿಲ್ಲ. ಹಾಗಾಗಿ ಅಪ್ಪ ಕೇಳದೆ, ತಾವೇ ಒಂದಕ್ಕೊಂದು ಸೇರಿಸಿ ಲೆಕ್ಕ ಹಾಕಿಕೊಂಡರು. "ಟೀಮು ಸೋತ್ರೆ ಆ ಮನುಷ್ಯ ಮನುಷ್ಯನಾಗಿರಲ್ಲ ಕಣೆ," ಎಂದು ಅಮ್ಮನಿಗೆ ಹೇಳಿದರು. ಅಮ್ಮ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದಂಗಾಯ್ತು," ಎಂದಳು. ಆದರೆ ನಗಲಿಲ್ಲ.

ಅವಳು ನಗದಿರಲು ಕಾರಣವಿತ್ತು. ಇಲ್ಲಿ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಬೇಕಾದರೆ ಗಂಡಸಿನ ಸಂಬಳ ಸರ್ಕಾರ ಹೇಳಿದ ಮಿತಿಗಿಂತ ಮೇಲಿರಬೇಕು. ಅಪ್ಪನದು ಆ ಮಿತಿಗಿಂತ ಕೂದಲೆಳೆಯಷ್ಟು ಮೇಲೆ. ಕೆಲಸ ಹೋಗುವುದು ದೂರದ ಮಾತು, ಒಂದು ಗ್ರೇಡ್ ಇಳಿದರೂ ಸಾಕು: ಅಪ್ಪನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಉಳಿಯುತ್ತದೆ, ಅಮ್ಮನದೂ ನನ್ನದೂ ಹೋಗುತ್ತದೆ. ಅಪ್ಪ ಇಲ್ಲಿ, ನಾವು ಊರಿನಲ್ಲಿ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಮನೆಯ ಗಾಳಿಯಲ್ಲೇ ಅದಿತ್ತು. ಇಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ: ಹೊಸ ಸೋಫಾ ಕೊಳ್ಳುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಸೂಟ್‌ಕೇಸುಗಳನ್ನು ಮಂಚದ ಕೆಳಗೇ ಇಡುತ್ತಾರೆ.

ಆ ಆಟದ ರೀತಿಯೂ ನಮ್ಮನ್ನು ಹೆದರಿಸಲೆಂದೇ ಮಾಡಿದಂತಿತ್ತು. ಸ್ಕಾಟ್ಲೆಂಡಿನಲ್ಲಿ ತಂಡಗಳಿಗೆ ಮೆಟ್ಟಿಲುಗಳಿವೆ. ದೊಡ್ಡ ಪೇಟೆಗಳ ಶ್ರೀಮಂತ ತಂಡಗಳು ಮೇಲಿನ ಮೆಟ್ಟಿಲಲ್ಲಿ. ಗಾರ್ವಿಯವರ ಊರಿನದು ಅವಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಹತ್ತು ಬಡ ತಂಡಗಳ ಗುಂಪಿನಲ್ಲಿ. ವರ್ಷದ ಕೊನೆಗೆ ಮೊದಲು ಬಂದವರು ಮೇಲಿನ ಮೆಟ್ಟಿಲಿಗೆ ಹತ್ತುತ್ತಾರೆ, ಹತ್ತನೆಯವರು ನೇರವಾಗಿ ಕೆಳಗೆ. ಒಂಬತ್ತನೆಯವರದು ತ್ರಿಶಂಕು ಸ್ಥಿತಿ: ಕೆಳಗಿನಿಂದ ಹತ್ತಲು ಕಾದಿರುವವರ ಜೊತೆ ಮತ್ತೆ ಆಡಿ, ಗೆದ್ದರೆ ಉಳಿಯುತ್ತಾರೆ. ಅಪ್ಪ ಇದನ್ನು ಅಮ್ಮನಿಗೆ ತಟ್ಟೆ ಲೋಟ ಜೋಡಿಸಿ ವಿವರಿಸಿದರು. ಅಮ್ಮ ಕೊನೆಯ ಎರಡು ಲೋಟಗಳನ್ನು ದಿಟ್ಟಿಸಿ, "ಆಡೋದು ಆಡಿ ಆದ್ಮೇಲೆ ಮನೇಗ್ ಹೋಗ್ಬಾರ್ದಾ? ಸೋತೋರನ್ನ ಯಾಕೆ ತಳ್ಬೇಕು?" ಎಂದಳು. ಅಪ್ಪ ಲೋಟಗಳನ್ನು ಎತ್ತಿಟ್ಟರು. ಅದಾದ ನಾಲ್ಕು ವರ್ಷವೂ ಗಾರ್ವಿಯವರ ತಂಡ ಏಳು, ಎಂಟು, ಒಂಬತ್ತರ ನಡುವೆಯೇ ಉರುಳಾಡುತ್ತಿತ್ತು. ಅಮ್ಮ ಆ ತಂಡದ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಲಿಲ್ಲ. ಶನಿವಾರ ಹೆಸರೆತ್ತಿದರೆ ದೃಷ್ಟಿಯಾಗುತ್ತದೆಂದು "ನಮ್ಮೋರು" ಎನ್ನುತ್ತಿದ್ದಳು.

ಆಟ ಇರುತ್ತಿದ್ದದ್ದು ಶನಿವಾರ. ಶನಿಮಹಾತ್ಮನ ದಿನವೂ ಅದೇ. ಅಪ್ಪನ ಜಾತಕದಲ್ಲಿ ಸಾಡೇಸಾತಿ ನಡೆಯುತ್ತಿತ್ತು, ಹಾಗಾಗಿ ಅಮ್ಮ ಮೊದಲಿನಿಂದಲೂ ಶನಿವಾರ ಒಪ್ಪೊತ್ತು ಮಾಡುತ್ತಿದ್ದಳು. ಥಾಮಸ್ ಅಂಕಲ್ ಹೋದ ಮೇಲೆ ಆ ವ್ರತ ಸದ್ದಿಲ್ಲದೆ ಹಿಗ್ಗಿತು. ಅಪ್ಪನ ಗ್ರಹಚಾರಕ್ಕೆ ಹಚ್ಚುತ್ತಿದ್ದ ಎಳ್ಳೆಣ್ಣೆ ದೀಪವೇ ಯಾವುದೋ ಚಳಿಯೂರಿನ ಹನ್ನೊಂದು ಜನರಿಗೂ ಉರಿಯತೊಡಗಿತು. ಚಳಿಗಾಲದಲ್ಲಿ ಅಲ್ಲಿ ಆಟ ಶುರುವಾಗುವಾಗ ನಮಗೆ ಸಂಜೆ ಆರು. ಆ ಹೊತ್ತಿಗೆ ಸರಿಯಾಗಿ ಅಮ್ಮ ಕಪಾಟಿನ ಬಾಗಿಲು ತೆರೆದು ದೀಪ ಹಚ್ಚುತ್ತಿದ್ದಳು. ಎಂಟಕ್ಕೆ ಫಲಿತಾಂಶ ಬರುವವರೆಗೆ ಅದು ಆರಬಾರದು. ಸೆಕೆಗಾಲದಲ್ಲೂ ಎ.ಸಿ. ಹಾಕುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ. ಅವಲಕ್ಕಿಯ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು, ಬೆವರುತ್ತ, ಎಳ್ಳೆಣ್ಣೆಯ ಕಮಟು ಹೊಗೆಯಲ್ಲಿ ಮೂವರೂ ಅಡುಗೆಮನೆಯ ನೆಲದ ಮೇಲೆ ಕೂರುತ್ತಿದ್ದೆವು. ಕಿಟಕಿಯ ಕಟ್ಟೆಯ ಮೇಲೆ ಅಪ್ಪನ ರೇಡಿಯೋ, ಅದರ ಕಡ್ಡಿ ಹೊರಗೆ ಚಾಚಿ. ಲಂಡನ್ನಿನ ಆ ದನಿ ಮೊದಲು ಇಂಗ್ಲೆಂಡಿನ ತಂಡಗಳನ್ನೆಲ್ಲ ಓದಿ ಮುಗಿಸಿ, ಆಮೇಲೆ ಸ್ಕಾಟ್ಲೆಂಡಿಗೆ ಬರುತ್ತಿತ್ತು. ಅಲ್ಲೂ ಮೇಲಿನವರು ಮೊದಲು. ನಮ್ಮೋರ ಸರದಿ ಬರುವ ಹೊತ್ತಿಗೆ ಅಪ್ಪ ಅಮ್ಮ ರೇಡಿಯೋ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಅಂಕೆಗಿಂತ ಅರೆಗಳಿಗೆ ಮುಂಚೆ ನನಗೆ ತಿಳಿಯುತ್ತದೆಂದು ಅವರಿಗೆ ಗೊತ್ತಿತ್ತು. ಸೋಲು ಎಂದು ಕಿವಿಗೆ ಗೊತ್ತಾಗಿ, ಮುಖದ ಮೇಲೆ ಅದು ಕಾಣಬಾರದೆಂದು ಹಲ್ಲು ಕಚ್ಚಿ ಕೂತ ಆ ಅರೆಗಳಿಗೆಗಳನ್ನು ಯಾವ ಮಗುವಿಗೂ ಕೊಡಬಾರದು.

ಅಪ್ಪನ ಪಾಡು ಇನ್ನೊಂದು ಬಗೆ. ಒಂದು ಭಾನುವಾರ ಗಾರ್ವಿಯವರ ಮುಖ ನೋಡಿ ಹೆದರಿ, ಏನಾದರೂ ಹೇಳಬೇಕೆಂದು, "ಪೆನಾಲ್ಟಿ ಹೋಗಿಬಿಡ್ತಲ್ಲ ಸರ್, ಛೇ," ಎಂದುಬಿಟ್ಟಿದ್ದರಂತೆ. ಗಾರ್ವಿ ತಲೆಯೆತ್ತಿ ನೋಡಿ, ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದರಂತೆ. ಅಂದಿನಿಂದ ಪ್ರತಿ ಭಾನುವಾರ ಚಹಾ. ಹೊರಗಿನವರಿಗೆ ಅಪ್ಪನ ಅದೃಷ್ಟ. ಅಪ್ಪನಿಗೆ ವಾರಕ್ಕೊಂದು ಪರೀಕ್ಷೆ. ಒಂದು ಉತ್ತರ ತಪ್ಪಿದರೂ ಕತ್ತರಿ ಬೀಳುತ್ತದೆಂದು ಅವರು ಗಟ್ಟಿಯಾಗಿ ನಂಬಿದ್ದರು. ಅದಕ್ಕಾಗಿ ಶುಕ್ರವಾರ ಇಂಟರ್‌ನೆಟ್ ಅಂಗಡಿಗೆ ಹೋಗಿ ಸುದ್ದಿಗಳನ್ನು ಪ್ರಿಂಟ್ ಹಾಕಿಸಿಕೊಂಡು ಬರುತ್ತಿದ್ದರು, ನಾನು ಓದಿ ಬಾಯಿಪಾಠ ಮಾಡಿಸುತ್ತಿದ್ದೆ. ಆ ಆಟಗಾರರಿಗೆಲ್ಲ ಬೇರೆ ಕೆಲಸಗಳಿದ್ದವು. ಗೋಲ್‌ಕೀಪರ್ ಅಂಚೆಯವನು, ಎಡಗಡೆಯ ಹಿಂದಾಳು ಕೊಳಾಯಿ ರಿಪೇರಿಯವನು, ನಾಯಕ ಶಾಲಾ ಮೇಷ್ಟ್ರು. ನೋಡಲು ಬರುವ ಜನ ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಗೆ ಸೇರುವಷ್ಟೂ ಇರುತ್ತಿರಲಿಲ್ಲ. ಒಂದು ಜನವರಿಯಲ್ಲಿ ಮೂರು ವಾರ ಸತತವಾಗಿ ಮೈದಾನ ಹೆಪ್ಪುಗಟ್ಟಿದೆಯೆಂದು ಆಟ ಮುಂದೂಡಿದರು. ಅಮ್ಮನಿಗೆ ಅದು ಸೋಲಿಗಿಂತ ಕಷ್ಟವಾಯಿತು. "ದೀಪ ಹಚ್ಲೋ ಬ್ಯಾಡ್ವೋ?" ಎಂದು ಬೆಂಕಿಪೊಟ್ಟಣ ಹಿಡಿದು ನಿಂತೇ ಇದ್ದಳು.

ಗಾರ್ವಿಯವರನ್ನು ನಾನು ಮೊದಲು ನೋಡಿದ್ದು ಅಹ್ಮದಿಯ ಅವರ ಮನೆಯಲ್ಲಿ. ಹೊಸ ವರ್ಷಕ್ಕೆಂದು ಆಫೀಸಿನವರನ್ನೆಲ್ಲ ಕರೆದಿದ್ದರು. ಮನೆಯ ಮುಂದೆ ಹುಲ್ಲು, ಬೇಲಿಗೆ ಬೋಗನ್‌ವಿಲ್ಲಾ. ಹವಲ್ಲಿಯ ಮಗುವಿಗೆ ಅದು ಬೇರೆಯೇ ದೇಶ. ಅವರು ನನ್ನ ಮುಂದೆ ಮಂಡಿಯೂರಿ ಕೂತು, ನಮ್ಮ ತಂಡದಲ್ಲಿ ಯಾರು ಇಷ್ಟ ಎಂದು ಕೇಳಿದರು. ನಾನು ಅಂಚೆಯವನ ಹೆಸರು ಹೇಳಿದೆ. ಅವರು ಎಷ್ಟು ಜೋರಾಗಿ ನಕ್ಕರೆಂದರೆ ನಾನು ಅಮ್ಮನ ಸೆರಗಿನ ಹಿಂದೆ ಹೋಗಿ ನಿಂತೆ. ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು. ಮನೆಗೆ ಬಂದ ಮೇಲೆ ಅದನ್ನು ತಿನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಬಹಳ ದಿನ ಫ್ರಿಜ್ಜಿನ ಮೇಲಿತ್ತು, ಆಮೇಲೆ ಇರುವೆ ಹತ್ತಿತು.

ನನಗೆ ಹನ್ನೊಂದಾದ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಅಪ್ಪನ ಕಂಪನಿಯ ಕಂಟ್ರಾಕ್ಟ್ ಮುಗಿಯುತ್ತಿದೆ, ಬೇಸಿಗೆಯೊಳಗೆ ಹೊಸ ಪಟ್ಟಿ ಬರುತ್ತದೆ ಎಂಬುದು ಒಂದು. ನಮ್ಮೋರು ಒಂಬತ್ತನೆಯ ಸ್ಥಾನದಲ್ಲಿ ನಿಂತರು ಎಂಬುದು ಇನ್ನೊಂದು. ಅಪ್ಪನ ತಲೆಯಲ್ಲಿ ಎರಡೂ ಒಂದೇ ಸುದ್ದಿಯಾಯಿತು: ಪಟ್ಟಿ ಬರೆಯುವ ಮನುಷ್ಯ ಗಾರ್ವಿ, ಅವರ ತಂಡ ಇಳಿದರೆ ನಾವೂ ಇಳಿದಂತೆ. ಊಟ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿಬಿಡುತ್ತಿದ್ದರು. ಅಮ್ಮ ವಾರದ ಏಳು ದಿನವೂ ಒಪ್ಪೊತ್ತು ಶುರುಮಾಡಿದಳು. ನಾನು ಶಾಲೆಯಲ್ಲಿ ಗೆಳತಿಯರ ಹತ್ತಿರ ಜಗಳ ತೆಗೆದು ಮಾತು ಬಿಟ್ಟೆ. ಬಿಟ್ಟುಹೋಗುವಾಗ ಅಳು ಬರಬಾರದಲ್ಲ, ಅದಕ್ಕೆ. ಉಳಿಯಲು ಆಡಬೇಕಾದ ಕೊನೆಯ ಸುತ್ತು ಎರಡು ಪಂದ್ಯಗಳದು. ಬುಧವಾರ ಎದುರಾಳಿಗಳ ಊರಿನಲ್ಲಿ ನಮ್ಮೋರು ಒಂದು ಗೋಲಿನಿಂದ ಸೋತರು. ಶನಿವಾರ ಸ್ವಂತ ಊರಿನಲ್ಲಿ ಎರಡು ಗೋಲಿನ ಅಂತರದಿಂದ ಗೆಲ್ಲಬೇಕಿತ್ತು.

ಆ ಶನಿವಾರ ಮೇ ತಿಂಗಳ ಧೂಳು ಕವಿದು ಕಿಟಕಿಯ ಹೊರಗೆಲ್ಲ ಕೆಂಪಗಾಗಿತ್ತು. ಬೇಸಿಗೆಯಲ್ಲಿ ಫಲಿತಾಂಶ ಏಳಕ್ಕೇ ಬರುತ್ತದೆ. ದನಿ ಒಂದೊಂದೇ ಹೆಸರು ಓದುತ್ತ ಬಂತು. ನಮ್ಮೋರ ಹೆಸರು ಬಂತು.  ಆದರೆ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ: ಎರಡು ಪಂದ್ಯ ಸೇರಿ ಗೋಲುಗಳು ಸಮವಾಗಿವೆ, ಹೆಚ್ಚುವರಿ ಸಮಯದ ಆಟ ನಡೆಯುತ್ತಿದೆ ಎಂದು ಹೇಳಿ ಮುಂದೆ ಹೋಯಿತು. ಅಷ್ಟೇ. ಆಮೇಲೆ ಸಂಗೀತ. ಅಪ್ಪ ರೇಡಿಯೋ ತಿರುಗಿಸಿದರು, ಬರೀ ಗೊರಗೊರ ಸದ್ದು. ಅಮ್ಮ ಅಂಗೈಯಿಂದ ದೀಪಕ್ಕೆ ಮರೆ ಹಿಡಿದು ಕೂತಳು. ಆ ಅರ್ಧ ಗಂಟೆಯಲ್ಲಿ ನಾವು ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನನಗೆ ಥಾಮಸ್ ಅಂಕಲ್‌ರ ಫ್ರಿಜ್ಜು ಮೆಟ್ಟಿಲಿಳಿದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಅಷ್ಟರಲ್ಲಿ ಹಾಲಿನಲ್ಲಿದ್ದ ಫೋನ್ ರಿಂಗಾಯಿತು. ಅಪ್ಪ ಎದ್ದು ಹೋಗಿ ನಂಬರ್ ನೋಡಿ, ಹಿಂದೆ ಸರಿದರು. "ಅವ್ರೇ," ಎಂದರು. ಗಾರ್ವಿ ನಮ್ಮ ಮನೆಗೆ ಹಿಂದೆಂದೂ ಫೋನ್ ಮಾಡಿರಲಿಲ್ಲ. ಅಪ್ಪ ಕೈ ಚಾಚಿದರು, ವಾಪಸ್ ತೆಗೆದುಕೊಂಡರು. ಫೋನ್ ರಿಂಗಾಗುತ್ತಲೇ ಇತ್ತು. ಕೊನೆಗೆ ನಾನೇ ಎತ್ತಿದೆ. ಆ ಕಡೆ ಉಬ್ಬಸ ಬಂದಂಥ ಉಸಿರು. "ನಿಮ್ಮಪ್ಪನಿಗೆ ಹೇಳು, ಉಳಿದುಕೊಂಡೆವು. ಪೆನಾಲ್ಟಿಯಲ್ಲಿ. ನಿನ್ನ ಅಂಚೆಯವನು ಎರಡು ತಡೆದ," ಎಂದರು. ಅವರು ಅಳುತ್ತಿದ್ದರು. ನಾನು "ಅಪ್ಪ, ವೀ ಸ್ಟೇಡ್ ಅಪ್," ಎಂದು ಕಿರುಚಿದೆ. 

ಭಾನುವಾರ ಅಮ್ಮ ಮೈಸೂರುಪಾಕು ಮಾಡಿ ಡಬ್ಬಿ ತುಂಬಿ ಕಳಿಸಿದಳು. ಸಂಜೆ ಅಪ್ಪ ಸಿಳ್ಳೆ ಹಾಕುತ್ತ ಬಂದರು, ನನ್ನನ್ನು ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿದರು. ಎರಡು ದಿನ ನಾವು ಎಲ್ಲರಂತೆ ಬದುಕಿದೆವು. ಬುಧವಾರ ಪಟ್ಟಿ ಬಂತು. ಅದು ಗಾರ್ವಿಯವರ ಕೋಣೆಯಿಂದ ಬರಲಿಲ್ಲ, ಹೊಸ ಕಂಟ್ರಾಕ್ಟರ್‌ನ ಆಫೀಸಿನಿಂದ ಬಂತು. ಹಳೆಯ ನೌಕರರನ್ನೆಲ್ಲ ಇಟ್ಟುಕೊಳ್ಳುತ್ತಾರೆ, ಆದರೆ ಎಲ್ಲರನ್ನೂ ಒಂದು ಗ್ರೇಡ್ ಕೆಳಗೆ. ಅಪ್ಪನ ಹೆಸರು ಪಟ್ಟಿಯಲ್ಲಿತ್ತು. ಗಾರ್ವಿಯವರ ಹೆಸರೇ ಇರಲಿಲ್ಲ. ಅಪ್ಪ ಮನೆಗೆ ಬಂದು, ಶೂ ಬಿಚ್ಚದೆ, "ಇಳಿಸ್ಬಿಟ್ರು," ಎಂದಷ್ಟೇ ಹೇಳಿದರು. ಅಮ್ಮ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು, ಅದರ ಮೇಲೆಯೇ ಕೂತುಬಿಟ್ಟಳು.

ಮುಂದಿನ ವಾರ ಒಂದು ಸಂಜೆ ಗಾರ್ವಿ ನಮ್ಮ ಮನೆಗೆ ಬಂದರು. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿ ಬಂದು ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತರು. ನಮ್ಮ ಪುಟ್ಟ ಸೋಫಾದಲ್ಲಿ ಅವರ ಮೊಣಕಾಲು ಎದೆಗೆ ಬಂದಿತ್ತು. ಅಮ್ಮ ಉಪ್ಪಿಟ್ಟು ಕೊಟ್ಟಳು. ಹೊರಡುವ ಮುಂಚೆ ಥ್ಯಾಂಕ್ಸ್ ಹೇಳಲು ಬಂದೆ ಎಂದರು. ಅಪ್ಪನನ್ನು ಅವರು ಕರೆಯುತ್ತಿದ್ದದ್ದು ಸ್ವಾಮಿ ಎಂದು. "ಸ್ವಾಮಿ, ಈ ಊರಿನಲ್ಲಿ ನನ್ನ ತಂಡದ ಬಗ್ಗೆ ಮಾತಾಡಲು ನನಗಿದ್ದದ್ದು ನೀನೊಬ್ಬನೇ. ಭಾನುವಾರದ ಆ ಚಹಾ ಇಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ." ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಗಾರ್ವಿ ಅಮ್ಮನತ್ತ ತಿರುಗಿ, ಶನಿವಾರ ನೀವು ಉಪವಾಸ ಮಾಡುತ್ತಿದ್ದಿರಿ ಎಂದು ಸ್ವಾಮಿ ಮೊನ್ನೆ ಹೇಳಿದ, ನಮ್ಮ ತಂಡದ ಮೇಲೆ ನಿಮಗೆ ಇಷ್ಟು ಪ್ರೀತಿ ಹೇಗೆ ಬಂತು ಎಂದು ನಗುತ್ತ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಅವರ ಮುಖವನ್ನೇ ನೋಡುತ್ತ, "ಪ್ರೀತಿಯಲ್ಲ, ನಿಮ್ಮ ಭಯಕ್ಕೆ ಅಂತ ಹೇಳು," ಎಂದಳು. "ಬೇಡ ಪುಟ್ಟಿ," ಎಂದರು ಅಪ್ಪ. "ಹೇಳೇ," ಎಂದಳು ಅಮ್ಮ. "ನಾಕ್ ವರ್ಷ ಬೆವರು ಸುರಿಸ್ಕೊಂಡು ಕೂತಿದೀನಿ. ಹೇಳು."

ನಾನು ಹೇಳಿದೆ. ನಿಮ್ಮ ತಂಡ ಸೋತರೆ ನೀವು ಅಪ್ಪನನ್ನು ತೆಗೆಯುತ್ತೀರಿ ಎಂದು ನಾವು ಹೆದರಿದ್ದೆವು, ಥಾಮಸ್ ಅಂಕಲ್‌ರನ್ನು ತೆಗೆದ ಹಾಗೆ. ಇಂಗ್ಲಿಷಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. ಗಾರ್ವಿ ಚಮಚವನ್ನು ತಟ್ಟೆಯಲ್ಲಿಟ್ಟರು. "ಥಾಮಸ್‌ನನ್ನು ನಾನು ತೆಗೆದೆನಾ? ಅವನಿಗೆ ಕತಾರ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಅವತ್ತು ನಾನು ಕೊಟ್ಟದ್ದು ಶಿಫಾರಸು ಪತ್ರ."  ಆಮೇಲೆ ಅವರೇ ಮೆಲ್ಲಗೆ ಹೇಳಿದರು: "ಯಾರನ್ನೂ ತೆಗೆಯುವ, ಇಟ್ಟುಕೊಳ್ಳುವ ಅಧಿಕಾರ ನನಗೆ ಇರಲೇ ಇಲ್ಲ. ಭಾನುವಾರ ಬೆಳಿಗ್ಗೆ ಮೇಲಿನವರ ಫೋನ್ ಬರುತ್ತಿತ್ತು. ಈ ವಾರ ನನ್ನ ಸರದಿಯೇನೋ ಎಂದು ನಾನೇ ಹೆದರಿ ಕೂತಿರುತ್ತಿದ್ದೆ." ಹಗ್ಗವನ್ನು ಹಾವೆಂದುಕೊಂಡವರ ಕತೆ ಎಲ್ಲರಿಗೂ ಗೊತ್ತು. ನಿಜವಾದ ಹಾವು ಬೇರೆ ಕಡೆಯಿಂದ ಬಂತು, ನಾವು ಹಗ್ಗವನ್ನೇ ಕಾಯುತ್ತಿದ್ದೆವು. ನಾಲ್ಕು ವರ್ಷ ಒಬ್ಬ ಒಂಟಿ ಮನುಷ್ಯ ಅಪ್ಪನನ್ನು ಗೆಳೆಯನೆಂದುಕೊಂಡಿದ್ದ, ಅಪ್ಪ ಅವನನ್ನು ಯಮನೆಂದುಕೊಂಡಿದ್ದರು. ಥಾಮಸ್ ಅಂಕಲ್‌ರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆ ಸಂಜೆಯ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೊರಡುವಾಗ ಅವರು ಅಮ್ಮನಿಗೆ ಕೈ ಮುಗಿದರು. ಅಮ್ಮನೂ ಮುಗಿದಳು.

ಜುಲೈನಲ್ಲಿ ಅಮ್ಮನೂ ನಾನೂ ಅರಸೀಕೆರೆಗೆ ಹೋದೆವು. ಅಪ್ಪ ಸುಲೈಬಿಯಾದಲ್ಲಿ ಆರು ಜನರ ಕೋಣೆಯೊಂದರಲ್ಲಿ ಮಂಚ ಹಿಡಿದರು. ಏರ್‌ಪೋರ್ಟಿನಲ್ಲಿ ಅಪ್ಪ ಹೇಳಿದ್ದು, "ಒಂದ್ ವರ್ಷ ಪುಟ್ಟಿ. ಮತ್ತೆ ಹತ್ತಿಬಿಡ್ತೀನಿ." ಅದೊಂದು ಸಮಾಧಾನ ಆ ಆಟ ನಮಗೆ ಕಲಿಸಿತ್ತು: ಇಳಿದವರು ಮುಂದಿನ ವರ್ಷ ಹತ್ತಬಹುದು. ಗಾರ್ವಿಯವರ ತಂಡ ಮರುವರ್ಷ ಇಳಿಯಿತು, ಅದರ ಮರುವರ್ಷ ಹತ್ತಿತು, ಮತ್ತೆ ಇಳಿಯಿತು. ನಾನು ಹೈಸ್ಕೂಲು ಮುಗಿಸಿದೆ, ಕಾಲೇಜು ಮುಗಿಸಿದೆ. ಅಪ್ಪ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ನನ್ನ ಎತ್ತರ ನೋಡಿ ಗಾಬರಿಯಾಗಿ, ಏನು ಮಾತಾಡಬೇಕೆಂದು ತೋಚದೆ ಓದಿನ ಬಗ್ಗೆ ಕೇಳಿ ಹೋಗುತ್ತಿದ್ದರು. ನನಗೆ ಇಪ್ಪತ್ತೆರಡಾದ ವರ್ಷ ಅವರ ಹಳೆಯ ಗ್ರೇಡ್ ವಾಪಸ್ ಬಂತು. ಫೋನಿನಲ್ಲಿ ಅವರ ದನಿ ನಾನು ಗುರುತಿಸಲಾರದಷ್ಟು ಎಳೆಯದಾಗಿತ್ತು. "ಹತ್ತಿದ್ವಿ ಕಣಮ್ಮಾ!" ಮೈದಾನ್ ಹವಲ್ಲಿಯಲ್ಲೇ ಒಂದು ಮನೆ ಹಿಡಿದರು. ಪರದೆ ತಂದೆ, ಗ್ಯಾಸ್ ಒಲೆ ತಂದೆ ಎಂದು ದಿನಕ್ಕೊಂದು ಸುದ್ದಿ ಹೇಳುತ್ತಿದ್ದರು. ಅಮ್ಮನ ವೀಸಾ ಆಯಿತು, ಟಿಕೆಟ್ ಆಯಿತು. ಲೋಕವೆಲ್ಲ ಮೂಗು ಬಾಯಿ ಮುಚ್ಚಿಕೊಂಡ ವರ್ಷ ಅದು. ವಿಮಾನಗಳು ನಿಂತವು. ಆಮೇಲೆ ಹವಲ್ಲಿಯ ಸುತ್ತ ಬೇಲಿ ಹಾಕಿ, ಒಳ ಹೊರಗೆ ಯಾರನ್ನೂ ಬಿಡಲಿಲ್ಲ. ಆ ಬೇಲಿಯ ಒಳಗೆ, ನಮಗಾಗಿ ಸಿಂಗರಿಸಿದ ಮನೆಯಲ್ಲಿ, ಅಪ್ಪನಿಗೆ ಜ್ವರ ಬಂತು. ಫೋನಿನಲ್ಲಿ, "ಭಯ ಪಡ್ಬೇಡಿ," ಎಂದರು. ಕೊನೆಯ ಸಲ ಅವರ ಮುಖವನ್ನೂ ನಾವು ನೋಡಲಿಲ್ಲ.

ಇದೆಲ್ಲ ಆಗಿ ಎರಡು ವರ್ಷದ ಮೇಲೆ ನನಗೆ ಇಲ್ಲಿ ಕೆಲಸ ಸಿಕ್ಕಿತು. ಬಂದ ಮೊದಲ ಶುಕ್ರವಾರ ಅಪ್ಪ ನಮಗಾಗಿ ಮನೆ ಹಿಡಿದಿದ್ದ ಆ ಕಟ್ಟಡ ಹುಡುಕಿಕೊಂಡು ಹೋದೆ. ಮನೆಯಲ್ಲಿ ಬೇರೆಯವರಿದ್ದರು. ಕಟ್ಟಡ ಕಾಯುವ ಹಾರಿಸ್ ಈಜಿಪ್ಟಿನ ಮುದುಕ, ಅಪ್ಪನ ಹೆಸರು ಹೇಳಿದ ತಕ್ಷಣ ಎದೆಯ ಮೇಲೆ ಕೈಯಿಟ್ಟುಕೊಂಡ. ಯಾರಾದರೂ ಬಂದಾರೆಂದು ಅವರ ಕೆಲವು ಸಾಮಾನು ಎತ್ತಿಟ್ಟಿದ್ದೇನೆ ಎಂದು ಮೆಟ್ಟಿಲಿನ ಕೆಳಗಿನ ಗೂಡಿನ ಬೀಗ ತೆಗೆದ. ಒಂದು ಕುಕ್ಕರ್, ಸುತ್ತಿಟ್ಟ ಪರದೆ, ಅವುಗಳ ಹಿಂದೆ ಒಂದು ಓದುವ ಮೇಜು. ನೀಲಿ ಬಣ್ಣದ್ದು, ಶಾಲೆಯ ಮಕ್ಕಳಿಗೆ ಮಾಡಿದ್ದು, ನಾವು ಊರಿಗೆ ಹೋಗುವಾಗ ಮಾರಿದ್ದ ನನ್ನ ಮೇಜಿನ ಹಾಗೆಯೇ ಇತ್ತು. ಜೊತೆಗೆ ಅದರದೇ ಪುಟ್ಟ ಕುರ್ಚಿ. ನನ್ನ ಎತ್ತರ ಅಪ್ಪನಿಗೆ ಗೊತ್ತಿತ್ತು, ವರ್ಷ ವರ್ಷವೂ ನೋಡಿದ್ದರು. ಆದರೂ ಅಂಗಡಿ ಅಂಗಡಿ ಸುತ್ತಿ ಇದನ್ನೇ ತಂದಿದ್ದರು. ನಾನು ಮೇಜಿನ ಅಂಚು ಹಿಡಿದು ನಿಂತೆ. ಹಾರಿಸ್ ಅದರ ಧೂಳು ಒರೆಸುತ್ತ, "ಮಗಳು ಬರ್ತಾಳೆ, ಅವಳಿಗೆ ಅಂತ ತಾವೇ ಹೊತ್ತುಕೊಂಡು ಬಂದರು," ಎಂದ. ನಂತರ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕೇಳಿದ, "ನೀವು ದೊಡ್ಡ ಮಗಳಾ? ಆ ಚಿಕ್ಕ ಹುಡುಗಿ ಎಲ್ಲಿ? ಅವಳು ಬರಲಿಲ್ಲವಾ?"

"ಇಲ್ಲ," ಎಂದೆ. "ಅವಳು ಬರಲಿಲ್ಲ."